ಹ್ಯಾಂಗರಿನಲ್ಲಿ ಚೆಂದ, ವೇದಿಕೆಯಲ್ಲಿ ಮಂಕು

ಪ್ರಶ್ನೆ: ನಾನು ಏಳು ವರ್ಷದಿಂದ ಫ್ಯಾಷನ್ ಡಿಸೈನರ್. ನನ್ನದೇ ಪುಟ್ಟ ಲೇಬಲ್ ಇದೆ, ಮೂವರು ಹೊಲಿಗೆಯವರಿದ್ದಾರೆ. ಹೋದ ವರ್ಷ ಒಂದು ಐತಿಹಾಸಿಕ ನಾಟಕಕ್ಕೆ ವೇಷಭೂಷಣ ಮಾಡಿಕೊಟ್ಟೆ. ಹ್ಯಾಂಗರಿನಲ್ಲಿ ನೋಡಿ ಎಲ್ಲರೂ ಹೊಗಳಿದ ಉಡುಪುಗಳು ವೇದಿಕೆ ಮೇಲೆ ಮಂಕಾಗಿ ಕಂಡವು. ನಾಯಕಿಯ ಮೇಲಂಗಿ ಮೊದಲ ಪ್ರದರ್ಶನದಲ್ಲೇ ಕಂಕುಳಲ್ಲಿ ಹರಿಯಿತು. ಆದರೂ ಆ ಕೆಲಸದ ರುಚಿ ಹತ್ತಿಬಿಟ್ಟಿದೆ. ಈಗ ಒಂದು ಸಿನಿಮಾದಿಂದ ಕರೆ ಬಂದಿದೆ. "ಕಾಸ್ಟ್ಯೂಮ್‌ನವಳು ಅಂತ ಒಮ್ಮೆ ಹೆಸರಾದರೆ ಫ್ಯಾಷನ್‌ನವರು ನಿನ್ನನ್ನು ಲೆಕ್ಕಕ್ಕೇ ಇಡುವುದಿಲ್ಲ" ಎನ್ನುತ್ತಾರೆ ನನಗೆ ಕಲಿಸಿದವರು. "ಎರಡೂ ಬಟ್ಟೆ ಕೆಲಸವೇ ತಾನೆ, ಮಾಡು" ಎನ್ನುತ್ತಾರೆ ಮನೆಯವರು. ನಿರ್ಮಾಪಕರು ಕರಾರಿನ ಮಾತೆತ್ತಿಲ್ಲ, "ಟೈಟಲ್‌ನಲ್ಲಿ ಹೆಸರು ಹಾಕ್ತೀವಿ" ಎಂದಷ್ಟೇ ಹೇಳಿದ್ದಾರೆ. ಲೇಬಲ್ ನಡೆಸುತ್ತಲೇ ಇದನ್ನು ಮಾಡಬಹುದೇ?

ಉತ್ತರ:

ನೀವು ಕೇಳಿರುವುದು ವೃತ್ತಿಯ ಬಗ್ಗೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಆ ಹರಿದ ಕಂಕುಳು ಎಂದು ನನ್ನ ಅನುಮಾನ. ಆದ್ದರಿಂದ ಮೊದಲು ಅದನ್ನೇ ನೋಡೋಣ. ನಿಮ್ಮ ಗುರುಗಳ ಮಾತಿಗೂ ಮನೆಯವರ ಮಾತಿಗೂ ಉತ್ತರ ಅಲ್ಲಿಂದಲೇ ಹೊರಡುತ್ತದೆ.

ನಾನು ಲೇಬಲ್ ನಡೆಸುತ್ತಲೇ ಮೊದಲ ನಾಟಕ ಒಪ್ಪಿಕೊಂಡಾಗ ರಾಜನ ಪಾತ್ರಧಾರಿಯನ್ನು ನಿಲ್ಲಿಸಿ ಟ್ರಯಲ್ ನೋಡಿದ್ದೆ. ಮೈಗೆ ಎರಕ ಹೊಯ್ದ ಹಾಗೆ ಕೂತಿತ್ತು. ಪ್ರದರ್ಶನದ ದಿನ ಆತ ಸಿಂಹಾಸನದಲ್ಲಿ ಕೂತ ಕೂಡಲೇ ಹೊಟ್ಟೆಯ ಮೇಲಿನ ಗುಂಡಿ ಪಟ್ಟನೆ ಹಾರಿ ಮಂತ್ರಿಯ ಕಾಲ ಬಳಿ ಬಿತ್ತು. ಮಂತ್ರಿ ಅದನ್ನು ಎತ್ತಿ, ನಮಸ್ಕರಿಸಿ, ರಾಜನಿಗೆ ಒಪ್ಪಿಸಿದ. ಜನ ಅದೂ ನಾಟಕವೇ ಅಂದುಕೊಂಡು ಚಪ್ಪಾಳೆ ತಟ್ಟಿದರು. ನಾನು ಮಾತ್ರ ಪರದೆಯ ಹಿಂದೆ ಬೆವರುತ್ತಿದ್ದೆ. ನಿಲ್ಲಿಸಿ ನೋಡಿದ್ದೆನೇ ಹೊರತು ಕೂರಿಸಿ ನೋಡಿರಲಿಲ್ಲ.

ಇದು ಹೊಸಬರು ಮಾತ್ರ ಮಾಡುವ ತಪ್ಪಲ್ಲ. 1924ರಲ್ಲಿ ಡಿಯಾಗಿಲೆವ್ ಅವರ ಬ್ಯಾಲೆ ರೂಸ್ ಎಂಬ ನೃತ್ಯ ತಂಡದ 'ಲ ಟ್ರೆನ್ ಬ್ಲ್ಯೂ' ಎಂಬ ನೃತ್ಯಕ್ಕೆ ಉಡುಪು ಮಾಡಿದವರು ಪ್ಯಾರಿಸ್ಸಿನ ಹೆಸರಾಂತ ಫ್ಯಾಷನ್ ಡಿಸೈನರ್ ಕೊಕೊ ಶನೆಲ್. ಕಥೆ ನಡೆಯುವುದು ಕಡಲತೀರದಲ್ಲಿ. ಆಕೆ ನಿಜವಾದ ಕ್ರೀಡಾ ಉಡುಪಿನಂತಹ, ಹೆಣಿಗೆಯ ಈಜುಡುಗೆಗಳನ್ನೇ ಕೊಟ್ಟರು. ಕಣ್ಣಿಗೆ ಅದು ಆ ಕಾಲಕ್ಕೆ ಹೊಸ ಗಾಳಿ. ಆದರೆ ಸಡಿಲವಾದ ಆ ಹೆಣಿಗೆ ಬಟ್ಟೆಯ ಮೇಲೆ ಕೈ ಜಾರಿ, ಜೊತೆಗಾರ್ತಿಯನ್ನು ಎತ್ತುವ ನರ್ತಕನಿಗೆ ಹಿಡಿತ ಸಿಗುತ್ತಿರಲಿಲ್ಲ. ಕಡಲತೀರದಲ್ಲಿ ಓಡಾಡುವವಳಿಗೆ ಸರಿಹೋಗುವ ಬಟ್ಟೆ ಗಾಳಿಯಲ್ಲಿ ಎಸೆಯಲ್ಪಡುವವಳಿಗೆ ಸರಿಹೋಗಲಿಲ್ಲ. ಶನೆಲ್‌ಗೆ ಬಟ್ಟೆ ಗೊತ್ತಿರಲಿಲ್ಲ ಎನ್ನಲಾದೀತೇ?

ನಿಮ್ಮ ಮೇಲಂಗಿ ಹರಿದದ್ದಕ್ಕೆ ಕಾರಣ ಬಿಗಿ ಎಂದು ನೀವು ಅಂದುಕೊಂಡಿರುತ್ತೀರಿ. ಮುಂದಿನ ಸಲ ಕಂಕುಳನ್ನು ಇನ್ನಷ್ಟು ಇಳಿಸಿ ಸಡಿಲ ಮಾಡಬೇಕು ಎಂದೂ ನಿರ್ಧರಿಸಿರಬಹುದು. ದಯವಿಟ್ಟು ಹಾಗೆ ಮಾಡಬೇಡಿ. ತೋಳಿನ ಸುತ್ತು, ಅಂದರೆ ತೋಳು ಅಂಗಿಗೆ ಕೂಡುವ ದುಂಡನೆಯ ಜಾಗ, ಕೆಳಗಿಳಿದಷ್ಟೂ ಕೈ ಎತ್ತಿದಾಗ ಇಡೀ ಅಂಗಿ ಮೇಲೆ ಎಳೆದುಕೊಳ್ಳುತ್ತದೆ, ಒತ್ತಡವೆಲ್ಲ ಆ ಒಂದು ಹೊಲಿಗೆಯ ಮೇಲೆ ಬೀಳುತ್ತದೆ. ತೋಳಿನ ಸುತ್ತನ್ನು ಕಂಕುಳಿಗೆ ಹತ್ತಿರ, ಎತ್ತರದಲ್ಲಿ ಕತ್ತರಿಸಿ, ಅಡಿಯಲ್ಲಿ ಬಟ್ಟೆಯ ಎಳೆಗೆ ಅಡ್ಡಓರೆಯಾಗಿ ಕತ್ತರಿಸಿದ ಒಂದು ಚೌಕದ ತುಂಡು ಸೇರಿಸಿದರೆ ಕೈ ಆಕಾಶಕ್ಕೆ ಎತ್ತಿದರೂ ಅಂಗಿ ಜಾಗ ಬಿಟ್ಟು ಕದಲುವುದಿಲ್ಲ. ನೃತ್ಯದ ಉಡುಪು ಹೊಲಿಯುವವರಿಗೆ ಇದು ತಲೆಮಾರುಗಳಿಂದ ಗೊತ್ತು. ಫ್ಯಾಷನ್ ಶಾಲೆಗಳಲ್ಲಿ ಇದನ್ನು ಹೇಳಿಕೊಡುವುದು ಅಪರೂಪ, ಏಕೆಂದರೆ ರ‍್ಯಾಂಪ್ ಮೇಲೆ ಯಾರೂ ಕತ್ತಿ ಝಳಪಿಸುವುದಿಲ್ಲ.

ಮಾರ್ಜಿನ್ ಕೂಡ ಹಾಗೆಯೇ. ಮಾರಾಟಕ್ಕೆ ಹೊಲಿಯುವಾಗ ಒಳಗೆ ಬಿಡುವ ಬಟ್ಟೆ ಒಂದು ಸೆಂಟಿಮೀಟರ್ ಆಸುಪಾಸು, ಹೆಚ್ಚಾದರೆ ಬಟ್ಟೆ ದಂಡ. ರಂಗದ ಉಡುಪಿಗೆ ಪಕ್ಕದಲ್ಲಿ ಎರಡೂವರೆ ಸೆಂಟಿಮೀಟರಾದರೂ ಬಿಡಿ, ಬೆನ್ನಿನ ನಡುವೆ ಇನ್ನೂ ಜಾಸ್ತಿ ಬಿಟ್ಟರೂ ನಷ್ಟವಿಲ್ಲ. ನಟ ದಪ್ಪಗಾಗಬಹುದು, ಮೂರನೇ ಪ್ರದರ್ಶನಕ್ಕೆ ಬೇರೆ ನಟನೇ ಬರಬಹುದು. ಮೈಗೆ ತಾಗುವ ಜಾಗದಲ್ಲಿ ಬಿಚ್ಚಿ ತೊಳೆಯುವಂಥ ಬೆವರಿನ ಪಟ್ಟಿ ಹಾಕಿ. ದಿನವೂ ತೊಳೆಯಲಾಗದ ಉಡುಪನ್ನು ದಿನವೂ ತೊಡಬೇಕಾಗುತ್ತದೆ.

ಇನ್ನು ಮಂಕಾಗಿ ಕಂಡದ್ದು. ನಾಟಕ ಐತಿಹಾಸಿಕ ಎಂದಿರಿ, ಸೂಕ್ಷ್ಮ ಕಸೂತಿ ಮಾಡಿಸಿರಬೇಕು, ಅದೂ ಬಟ್ಟೆಯದೇ ಬಣ್ಣದ ದಾರದಲ್ಲಿ. ಕೈಯಳತೆಯ ದೂರದಲ್ಲಿ ಅದಕ್ಕಿಂತ ಸೊಗಸು ಬೇರೆ ಇಲ್ಲ. ಹತ್ತನೇ ಸಾಲಿನಲ್ಲಿ ಕೂತವರಿಗೆ ಮಾತ್ರ ಅದು ಸ್ವಲ್ಪ ಕೊಳೆಯಾದ ಬಟ್ಟೆ. ರಂಗಭೂಮಿಯಲ್ಲಿ ದೂರಕ್ಕೆ ತಲುಪುವುದು ಆಕಾರ, ಆಮೇಲೆ ಬಣ್ಣಗಳ ವಿರೋಧ, ಕಟ್ಟಕಡೆಗೆ ಕುಸುರಿ. ನಾನು ಮಾದರಿಯನ್ನು ಗೊಂಬೆಗೆ ತೊಡಿಸಿ, ಕೋಣೆಯ ಇನ್ನೊಂದು ತುದಿಗೆ ಹೋಗಿ ಕಣ್ಣು ಅರೆಮುಚ್ಚಿ ನೋಡುತ್ತೇನೆ. ಆಗ ಉಳಿದದ್ದಷ್ಟೇ ಪ್ರೇಕ್ಷಕರ ಪಾಲಿಗೆ ಉಳಿಯುವುದು. ಜೊತೆಗೆ ಬೆಳಕು. ಹಸಿರು ಬಟ್ಟೆಯ ಮೇಲೆ ಕೆಂಪು ಬೆಳಕು ಬಿದ್ದರೆ ಅದು ಹೆಚ್ಚುಕಡಿಮೆ ಕಪ್ಪು. ಬಟ್ಟೆ ಕೊಳ್ಳುವ ಮೊದಲು ಬೆಳಕಿನ ವಿನ್ಯಾಸಕರ ಬಳಿ ತುಂಡುಗಳನ್ನು ಒಯ್ದು ಅವರು ದೀಪಕ್ಕೆ ಹಾಕುವ ಬಣ್ಣದ ಹಾಳೆಗಳ ಕೆಳಗೆ ಇಟ್ಟು ನೋಡಿದ್ದೀರಾ? ಇಲ್ಲವಾದರೆ ಆ ಮಂಕಿಗೆ ಕಾರಣ ನಿಮ್ಮ ವಿನ್ಯಾಸವಲ್ಲ, ನಡೆಯದೇ ಹೋದ ಒಂದು ಭೇಟಿ.

ಸಿನಿಮಾದಲ್ಲಿ ಈ ಲೆಕ್ಕವೆಲ್ಲ ತಲೆಕೆಳಗು. ಅಲ್ಲಿ ಕ್ಯಾಮೆರಾ ಕಾಲರಿನ ದಾರದ ತುದಿಯನ್ನೂ ಬಿಡುವುದಿಲ್ಲ. ಸಣ್ಣ ಗೆರೆಗಳ, ಒತ್ತಾದ ಚೌಕುಳಿಯ ಬಟ್ಟೆ ಡಿಜಿಟಲ್ ಕ್ಯಾಮೆರಾದಲ್ಲಿ ಅಲೆಅಲೆಯಾಗಿ ಮಿನುಗುತ್ತದೆ. ಅಚ್ಚಬಿಳುಪು ಮುಖವನ್ನೇ ನುಂಗುತ್ತದೆ, ಅದಕ್ಕೇ ಬಿಳಿ ಅಂಗಿಗಳನ್ನು ತೆಳು ಚಹಾ ನೀರಿನಲ್ಲಿ ಅದ್ದಿ ಇಳಿಸುವುದು ಹಳೆಯ ಪದ್ಧತಿ. ಟ್ಯಾಫೆಟಾದಂಥ ಸರಬರ ಸದ್ದಿನ ಬಟ್ಟೆ ಎದೆಯ ಮೈಕಿಗೆ ಶತ್ರು. ಧ್ವನಿ ವಿಭಾಗದವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ, ಹೊಗಳಲಿಕ್ಕಲ್ಲ.

ಇಷ್ಟು ಕುಶಲತೆಯ ಮಾತಾಯಿತು. ಇದನ್ನೆಲ್ಲ ಒಂದೆರಡು ವರ್ಷದಲ್ಲಿ ಕಲಿಯಬಹುದು. ಕಲಿಯಲು ಕಷ್ಟವಾದದ್ದು ಬೇರೆಯೇ ಇದೆ.

ಫ್ಯಾಷನ್‌ನಲ್ಲಿ ನೀವು ಹೊಲಿಯುವುದು ಹೆಸರು ಗೊತ್ತಿಲ್ಲದ ನೂರು ಜನರಿಗೆ. ಅವರೆಲ್ಲರೂ ಕನ್ನಡಿಯಲ್ಲಿ ತಮ್ಮನ್ನು ತಾವು ಇನ್ನಷ್ಟು ಚೆಂದಾಗಿ ಕಾಣಬಯಸುವವರು. ಕಾಸ್ಟ್ಯೂಮ್‌ನಲ್ಲಿ ಒಬ್ಬರಿಗೆ ಹೊಲಿಯುತ್ತೀರಿ, ಮತ್ತು ಆ ಒಬ್ಬರು ಬದುಕಿಲ್ಲ, ಕಾಗದದ ಮೇಲಿದ್ದಾರೆ. ಆಕೆಗೆ ಚೆಂದ ಕಾಣುವ ಆಸೆ ಇರಲಿಕ್ಕಿಲ್ಲ. ಅಕ್ಕನ ಹಳೆಯ ಕೋಟು ತೊಟ್ಟಿರಬಹುದು, ಅದು ಭುಜದಲ್ಲಿ ಜೋಲಬೇಕು. ಮೊಣಕೈ ಸವೆದಿರಬೇಕು, ಅದೂ ಆಕೆ ಯಾವ ಕೈಯನ್ನು ಮೇಜಿಗೆ ಊರುತ್ತಾಳೋ ಆ ಕಡೆ ಮಾತ್ರ. ನೀವು ವಾರಗಟ್ಟಲೆ ಹೊಲಿಸಿದ ರೇಷ್ಮೆಯನ್ನು ಉಪ್ಪುಕಾಗದದಿಂದ ಉಜ್ಜಿ, ಜೇಬಿಗೆ ಕಲ್ಲು ತುಂಬಿ ಒದ್ದೆ ಮಾಡಿ ಜೋತುಬೀಳಿಸಿ, ಅಂಚಿಗೆ ಮಣ್ಣಿನ ಬಣ್ಣ ಬಳಿಯಬೇಕು. ಇದನ್ನು ಮೊದಲ ಸಲ ಕಂಡಾಗ ನನ್ನ ಸಹಾಯಕಿ ಅತ್ತೇಬಿಟ್ಟಿದ್ದಳು. ಫ್ಯಾಷನ್‌ನಿಂದ ಬಂದವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಪಾತ್ರಕ್ಕೆ ಬೇಕಾದ್ದಕ್ಕಿಂತ ಬಟ್ಟೆ ಒಂದು ಕೂದಲೆಳೆಯಷ್ಟು ಹೆಚ್ಚು ಚೆಂದವಾಗಿರುತ್ತದೆ, ಜನ ಕಥೆ ಬಿಟ್ಟು ಬಟ್ಟೆ ನೋಡುತ್ತಾರೆ.

ಈ ದಾರಿಯನ್ನು ನಿಜವಾಗಿ ದಾಟಿದವರು ಬೇಕೆಂದರೆ ಭಾನು ಅಥಯ್ಯ ಅವರನ್ನು ನೋಡಿ. ಕೊಲ್ಹಾಪುರದಲ್ಲಿ 1929ರಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಮಹಿಳಾ ಪತ್ರಿಕೆಗೆ ಫ್ಯಾಷನ್ ಚಿತ್ರಗಳನ್ನು ಬರೆಯುತ್ತಿದ್ದವರು. ಬುಟೀಕಿಗೆ ಉಡುಪು ಮಾಡಿದರು, ಅಲ್ಲಿಂದ 1950ರ ದಶಕದಲ್ಲಿ ಸಿನಿಮಾಕ್ಕೆ ಬಂದರು. 'ಗಾಂಧಿ' ಚಿತ್ರಕ್ಕಾಗಿ ಜಾನ್ ಮೊಲೊ ಅವರೊಂದಿಗೆ 1983ರಲ್ಲಿ ಆಸ್ಕರ್ ಪಡೆದಾಗ ಆ ಪ್ರಶಸ್ತಿ ಗೆದ್ದ ಮೊದಲ ಭಾರತೀಯರಾದರು. ಆ ಚಿತ್ರದ ಉಡುಪುಗಳಲ್ಲಿ ಬಹುಪಾಲು ಏನು? ಖಾದಿ, ಮಾಸಿದ ಬಿಳಿ, ಧೂಳು, ಗುಂಪಿನಲ್ಲಿ ನಿಂತ ಸಾವಿರಾರು ಜನರ ದಿನನಿತ್ಯದ ಬಟ್ಟೆ. ಫ್ಯಾಷನ್ ಚಿತ್ರ ಬರೆಯುತ್ತಿದ್ದ ಕೈ ತನ್ನ ಗುರುತನ್ನೇ ಅಳಿಸಿಕೊಂಡು ಮಾಡಿದ ಕೆಲಸ ಅದು. ಅಥಯ್ಯ ಅವರ ಹೆಸರನ್ನು ಎಲ್ಲರೂ ಹೇಳುತ್ತಾರೆ. ಈ ಒಂದು ಅಂಶವನ್ನು ಮಾತ್ರ ಯಾಕೋ ಗಮನಿಸುವವರು ಕಡಿಮೆ.

ಈಗ ನಿಮ್ಮ ಗುರುಗಳ ಮಾತಿಗೆ ಬರುತ್ತೇನೆ. ಕಾಸ್ಟ್ಯೂಮ್ ಮಾಡಿದರೆ ಫ್ಯಾಷನ್ ಬಾಗಿಲು ಮುಚ್ಚುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಆಧಾರ ಸಿಗುವುದಿಲ್ಲ. ಹಾಲಿವುಡ್‌ನ ಎಂಜಿಎಂ ಸ್ಟುಡಿಯೋದಲ್ಲಿ ಹತ್ತಕ್ಕೂ ಹೆಚ್ಚು ವರ್ಷ ತಾರೆಯರಿಗೆ ಉಡುಪು ಮಾಡಿದ ಏಡ್ರಿಯನ್ 1941ರಲ್ಲಿ ಅದನ್ನು ಬಿಟ್ಟು, ತನ್ನದೇ ಫ್ಯಾಷನ್ ಸಂಸ್ಥೆ ತೆರೆದು, ಅದನ್ನೂ ಯಶಸ್ವಿಯಾಗಿ ನಡೆಸಿದರು. ಫ್ರಾನ್ಸಿನ ಫ್ಯಾಷನ್ ಡಿಸೈನರ್ ಜಾನ್ ಪಾಲ್ ಗೋತಿಯೆ 'ದಿ ಫಿಫ್ತ್ ಎಲಿಮೆಂಟ್' ಚಿತ್ರಕ್ಕೆ ಉಡುಪು ಮಾಡಿದರು. ಚಿತ್ರ ತೆರೆಕಂಡದ್ದು 1997ರಲ್ಲಿ. ಅದೇ ವರ್ಷದ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ಅವರ ಮೊದಲ ಓತ್ ಕುತ್ಯೂರ್ (ಗಿರಾಕಿಯ ಅಳತೆಗೆಂದೇ ಕೈಯಲ್ಲಿ ಹೊಲಿಯುವ ಉಡುಪು) ಸಂಗ್ರಹವೂ ಬಂತು, ಅಂದರೆ ಆ ಕ್ಷೇತ್ರದ ಅತಿ ಕಟ್ಟುನಿಟ್ಟಿನ ಅಂಗಳಕ್ಕೆ ಅವರು ಕಾಲಿಟ್ಟದ್ದೇ ಆಗ. ಇಟಲಿಯ ಡಿಸೈನರ್ ಅರ್ಮಾನಿಯನ್ನು ಅಮೆರಿಕದ ಮನೆಮನೆಗೆ ಪರಿಚಯಿಸಿದ್ದರಲ್ಲಿ 1980ರ 'ಅಮೆರಿಕನ್ ಜಿಗೋಲೊ' ಚಿತ್ರದ ಕೋಟುಗಳ ಪಾಲು ದೊಡ್ಡದು.

ಹಾಗಾದರೆ ಗುರುಗಳು ಸುಮ್ಮನೆ ಹೇಳಿದರೇ? ಇಲ್ಲ. ಅವರು ಕಂಡಿರುವ ಅಪಾಯ ನಿಜವಾದದ್ದೇ, ಅದಕ್ಕೆ ಕೊಟ್ಟ ಕಾರಣ ಮಾತ್ರ ಬೇರೆ. ಲೇಬಲ್‌ಗಳು ಬೀಳುವುದು ಅವಮಾನದಿಂದಲ್ಲ, ಕ್ಯಾಲೆಂಡರಿನಿಂದ. ಫ್ಯಾಷನ್‌ಗೆ ಋತುವಿದೆ. ಆ ಋತುವಿನ ಹೊಸ ಉಡುಪುಗಳ ಸಂಗ್ರಹ ಇಂಥ ತಿಂಗಳಿಗೆ ಸಿದ್ಧವಾಗಲೇಬೇಕು, ಅಂಗಡಿಯವರು ಇಂಥ ವಾರ ಆರ್ಡರ್ ಕೊಡುತ್ತಾರೆ, ತಪ್ಪಿದರೆ ಆರು ತಿಂಗಳು ಹೋಯಿತು. ಸಿನಿಮಾಕ್ಕೆ ಋತುವಿಲ್ಲ. ನಟರ ಡೇಟ್ ಬದಲಾಯಿತು, ಮಳೆ ಬಂತು, ದುಡ್ಡು ನಿಂತಿತು, ಎರಡು ತಿಂಗಳು ಸುಮ್ಮನಿದ್ದು ಒಂದು ಸಂಜೆ "ನಾಳೆ ಬೆಳಿಗ್ಗೆ ಮದುವೆ ದೃಶ್ಯ" ಎನ್ನುತ್ತಾರೆ. ಅದೇ ವಾರ ನಿಮ್ಮ ಸಂಗ್ರಹದ ಕೊನೆಯ ಹೊಲಿಗೆ ನಡೆಯುತ್ತಿರುತ್ತದೆ. ಇರುವುದು ಮೂವರು ಹೊಲಿಗೆಯವರು. ನನಗೆ ಒಮ್ಮೆ ಹೀಗಾಗಿ, ಒಂದು ಋತುವನ್ನೇ ಕೈಬಿಟ್ಟೆ. ಆರ್ಡರ್ ಕೊಡುತ್ತಿದ್ದವರಲ್ಲಿ ಅರ್ಧದಷ್ಟು ಜನ ಮರಳಿ ಬರಲಿಲ್ಲ. ಅವರಿಗೆ ನನ್ನ ಸಿನಿಮಾ ಕೆಲಸದ ಬಗ್ಗೆ ತಾತ್ಸಾರವೇನೂ ಇರಲಿಲ್ಲ, ಹೇಳಿದ ಹೊತ್ತಿಗೆ ಬಟ್ಟೆ ಬರಲಿಲ್ಲ, ಅಷ್ಟೆ.

ಶನೆಲ್ ಅವರದೇ ಇನ್ನೊಂದು ಕಥೆ ಇದಕ್ಕೆ ಹೊಂದುತ್ತದೆ. ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ದೊಡ್ಡ ಮೊತ್ತದ ಆಸೆ ತೋರಿಸಿ 1931ರಲ್ಲಿ ಅವರನ್ನು ಹಾಲಿವುಡ್‌ಗೆ ಕರೆಸಿಕೊಂಡರು. ನಟಿ ಗ್ಲೋರಿಯಾ ಸ್ವಾನ್ಸನ್‌ಗೆ ಉಡುಪು ಮಾಡುವಾಗ ಒಂದು ಟ್ರಯಲ್‌ನಿಂದ ಇನ್ನೊಂದಕ್ಕೆ ಅಳತೆ ಬದಲಾಗುತ್ತಿತ್ತು. ಸ್ವಾನ್ಸನ್ ಗರ್ಭಿಣಿ, ಅದು ಗುಟ್ಟು. ಕೆಲವೇ ಚಿತ್ರಗಳಾದ ಮೇಲೆ ಶನೆಲ್ ಪ್ಯಾರಿಸ್ಸಿನ ತಮ್ಮ ಫ್ಯಾಷನ್ ಸಂಸ್ಥೆಗೆ ಮರಳಿದರು. ಅವರಿಗೆ ಹಿಂದಿರುಗಲು ನಡೆಯುತ್ತಿದ್ದ ಒಂದು ಸಂಸ್ಥೆ ಇತ್ತು ಎಂಬುದನ್ನು ಗಮನಿಸಿ.

ಇದಕ್ಕೆ ವಿರುದ್ಧವಾದ ಇನ್ನೊಂದು ಭ್ರಮೆಯೂ ಇದೆ: ಸಿನಿಮಾದಲ್ಲಿ ಹೆಸರು ಬಂದರೆ ಲೇಬಲ್ ತಾನಾಗಿ ಓಡುತ್ತದೆ ಎಂಬುದು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಏಡ್ರಿಯನ್ 1932ರ 'ಲೆಟ್ಟಿ ಲಿಂಟನ್' ಚಿತ್ರದಲ್ಲಿ ಜೋನ್ ಕ್ರಾಫರ್ಡ್‌ಗೆ ಮಾಡಿದ, ತೋಳಿನ ತುಂಬ ನಿರಿಗೆಯ ಬಿಳಿ ಗೌನು. ಅದರ ನಕಲು ಎಷ್ಟು ಮಾರಾಟವಾಯಿತು ಎಂಬ ಲೆಕ್ಕ ಹೇಳುವವರಿಂದ ಹೇಳುವವರಿಗೆ ಬದಲಾಗುತ್ತದೆ, ಅದು ಬಿಡಿ. ಆ ನಕಲುಗಳನ್ನು ಮಾರಿದವರು ಅಂಗಡಿಗಳವರು. ಏಡ್ರಿಯನ್ ಆಗ ಸ್ಟುಡಿಯೋದ ನೌಕರ. ಸಾಲದ್ದಕ್ಕೆ ಆ ಚಿತ್ರವೇ ಕೃತಿಸ್ವಾಮ್ಯದ ವ್ಯಾಜ್ಯಕ್ಕೆ ಸಿಕ್ಕಿ 1930ರ ದಶಕದಲ್ಲೇ ಪ್ರದರ್ಶನದಿಂದ ಮಾಯವಾಯಿತು. ಉಡುಪಿಗೆ ಸಿಕ್ಕಷ್ಟು ಆಯುಷ್ಯ ಚಿತ್ರಕ್ಕೆ ಸಿಗಲಿಲ್ಲ.

ಹೀಗಾಗಿ "ಹೆಸರು ಹಾಕ್ತೀವಿ" ಎಂಬ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. 1954ರ 'ಸಬ್ರಿನಾ' ಚಿತ್ರದಲ್ಲಿ ಆಡ್ರೆ ಹೆಪ್‌ಬರ್ನ್ ತೊಟ್ಟ ಪ್ಯಾರಿಸ್ ಉಡುಪುಗಳು ಡಿಸೈನರ್ ಯುಬೆರ್ ದ ಜಿವಾನ್ಶಿ ಅವರ ಫ್ಯಾಷನ್ ಸಂಸ್ಥೆಯಿಂದ ಬಂದವು. ಟೈಟಲ್‌ನಲ್ಲಿ ಅವರ ಹೆಸರಿಲ್ಲ. ವಸ್ತ್ರವಿನ್ಯಾಸದ ಆಸ್ಕರ್ ಬಂದದ್ದು ಚಿತ್ರದ ವಸ್ತ್ರವಿನ್ಯಾಸಕಿ ಈಡಿತ್ ಹೆಡ್ ಒಬ್ಬರಿಗೇ. ಈ ಕಥೆ ಹೇಳುವಾಗ ಹೆಡ್ ಅವರನ್ನು ಖಳನಾಯಕಿ ಮಾಡುವುದು ವಾಡಿಕೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಒಂದು ಚಿತ್ರದ ಪ್ರತಿ ಪಾತ್ರದ, ಪ್ರತಿ ದೃಶ್ಯದ ಬಟ್ಟೆಯನ್ನು ಹೊತ್ತವರ ಕೆಲಸ ಬೇರೆ, ನಾಲ್ಕು ಅದ್ಭುತ ಉಡುಪು ಕೊಟ್ಟವರ ಕೆಲಸ ಬೇರೆ. ಎರಡಕ್ಕೂ ಹೆಸರು ಬೇಕು, ಎರಡಕ್ಕೂ ಒಂದೇ ಹೆಸರು ಸಲ್ಲದು. 2010ರ 'ಬ್ಲ್ಯಾಕ್ ಸ್ವಾನ್' ಚಿತ್ರದಲ್ಲೂ ಇದೇ ತಕರಾರು ಎದ್ದಿತು. ಕಾಸ್ಟ್ಯೂಮ್ ಡಿಸೈನರ್ ಆಗಿದ್ದವರು ಏಮಿ ವೆಸ್ಟ್‌ಕಾಟ್, ಬ್ಯಾಲೆ ಉಡುಪುಗಳಲ್ಲಿ ಕೈಜೋಡಿಸಿದವರು ರೊಡಾರ್ಟೆ ಎಂಬ ಫ್ಯಾಷನ್ ಸಂಸ್ಥೆಯವರು. ಶ್ರೇಯ ಯಾರದ್ದು ಎಂಬ ಜಗಳ ಚಿತ್ರ ಬಂದ ಮೇಲೆ ಪತ್ರಿಕೆಗಳಲ್ಲಿ ನಡೆಯಿತು. ಅದು ನಡೆಯಬೇಕಾದದ್ದು ಮೊದಲ ಟ್ರಯಲ್‌ಗಿಂತ ಮುಂಚೆ, ಕಾಗದದ ಮೇಲೆ.

ನಿಮ್ಮ ಕಾಗದದಲ್ಲಿ ಏನಿರಬೇಕು? ನಿಮ್ಮ ಹೆಸರಿನ ಜೊತೆ ಬರುವ ಪದ ಯಾವುದು, 'ವಸ್ತ್ರವಿನ್ಯಾಸ'ವೋ 'ಉಡುಪು ಸಹಕಾರ'ವೋ. ಶೂಟಿಂಗ್ ಮುಗಿದ ಮೇಲೆ ಬಟ್ಟೆ ಯಾರದ್ದು, ರೇಖಾಚಿತ್ರ ಯಾರದ್ದು. ಅದೇ ವಿನ್ಯಾಸದ ಛಾಯೆಯಲ್ಲಿ ನಿಮ್ಮ ಲೇಬಲ್‌ನಿಂದ ಉಡುಪು ಮಾರಬಹುದೇ. ನೀವು ಕೇಳದಿದ್ದರೆ ಸಾಮಾನ್ಯವಾಗಿ ಎಲ್ಲವೂ ನಿರ್ಮಾಪಕರ ಪಾಲಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ನಿಮ್ಮ ಸಂಭಾವನೆ ಬೇರೆ, ಬಟ್ಟೆಯ ಖರ್ಚು ಬೇರೆ, ನಿಮ್ಮ ಹೊಲಿಗೆಯವರ ದಿನಗೂಲಿ ಬೇರೆ. ಮೂರನ್ನೂ ಸೇರಿಸಿ ಒಂದು ಮೊತ್ತ ಒಪ್ಪಿಕೊಂಡವರು ಕೊನೆಗೆ ಸಂಭಾವನೆಯನ್ನು ಬಟ್ಟೆಗೆ ಸುರಿದಿರುತ್ತಾರೆ. ಇದಕ್ಕೆ ಅಪವಾದ ನಾನು ಕಂಡಿಲ್ಲ. ಬಟ್ಟೆಯ ಹಣ ಮುಂಗಡವಾಗಿ ಬರಲಿ, ನಿಮ್ಮ ಲೇಬಲ್‌ನ ಖಾತೆಯಿಂದ ಒಂದು ಗುಂಡಿಯನ್ನೂ ಕೊಳ್ಳಬೇಡಿ.

ಈಗ ದಾರಿಗಳು. ಉತ್ತರ ಕೊಡುವ ಮೊದಲು ಚಿತ್ರಕಥೆ ತರಿಸಿಕೊಂಡು ಎರಡು ರಾತ್ರಿ ಕೂತು ಲೆಕ್ಕ ಹಾಕಿ: ಎಷ್ಟು ಪಾತ್ರ, ಕಥೆಯಲ್ಲಿ ಎಷ್ಟು ದಿನ, ಯಾರು ಯಾವ ದಿನ ಏನು ತೊಟ್ಟಿದ್ದಾರೆ. ಮಳೆ, ಹೊಡೆದಾಟ, ರಕ್ತ ಇರುವ ದೃಶ್ಯದ ಉಡುಪಿಗೆ ಮೂರು ನಾಲ್ಕು ಪ್ರತಿ ಬೇಕು, ಸಾಹಸ ಕಲಾವಿದರಿಗೆ ಅವರ ಅಳತೆಯಲ್ಲಿ ಮತ್ತೊಂದು. ಹತ್ತು ಪಾತ್ರ, ತಲಾ ಎಂಟು ಉಡುಪು ಎಂದು ಸುಲಭವಾಗಿ ಕಾಣುವ ಚಿತ್ರ ಪ್ರತಿಗಳನ್ನು ಸೇರಿಸಿದರೆ ನೂರು ದಾಟುತ್ತದೆ. ಶೂಟಿಂಗ್ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ, ಬಾಗಿಲ ಹೊರಗಿನ ದೃಶ್ಯ ಇಂದು, ಒಳಗಿನದು ಮುಂದಿನ ತಿಂಗಳು. ಶಾಲಿನ ಯಾವ ತುದಿ ಯಾವ ಭುಜದ ಮೇಲಿತ್ತು ಎಂದು ಫೋಟೊ ಸಮೇತ ಬರೆದಿಡಲು ಸೆಟ್ಟಿನಲ್ಲಿ ದಿನವೂ ಒಬ್ಬರು ಬೇಕು. ಆ ಒಬ್ಬರು ನೀವಾದರೆ ಲೇಬಲ್ ನೋಡಿಕೊಳ್ಳುವವರು ಯಾರು?

ಲೆಕ್ಕ ದೊಡ್ಡದಾದರೆ ಇಡೀ ಚಿತ್ರವನ್ನು ಹೊರಬೇಡಿ. ಅನುಭವಿ ಕಾಸ್ಟ್ಯೂಮ್ ಡಿಸೈನರ್ ಒಬ್ಬರನ್ನು ಮುಖ್ಯಸ್ಥರಾಗಿ ತರಲು ಹೇಳಿ, ಒಂದೋ ಎರಡೋ ಪಾತ್ರಗಳ ಉಡುಪನ್ನಷ್ಟೇ ನೀವು ಮಾಡಿ, ಟೈಟಲ್‌ನಲ್ಲಿ ಅಷ್ಟಕ್ಕೇ ಸ್ಪಷ್ಟವಾಗಿ ಹೆಸರು ಪಡೆಯಿರಿ. ಇದರಲ್ಲಿ ಹೆಮ್ಮೆಗೆ ಸ್ವಲ್ಪ ಪೆಟ್ಟು ಬೀಳಬಹುದು, ಮುಖ್ಯಸ್ಥರೊಂದಿಗೆ ಜಟಾಪಟಿಯೂ ಆಗಬಹುದು. ಆದರೆ ಕಲಿಯುವುದು ಬೇರೆಯವರ ಖರ್ಚಿನಲ್ಲಿ. ನಿಮ್ಮ ಸ್ಥಿತಿಯಲ್ಲಿ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ಚಿತ್ರ ಚಿಕ್ಕದು, ಪಾತ್ರ ಐದಾರು, ಶೂಟಿಂಗ್ ನಿಮ್ಮ ಸಂಗ್ರಹದ ತಿಂಗಳುಗಳಿಂದ ದೂರ ಎಂದಾದರೆ ಪೂರ್ತಿ ಒಪ್ಪಿಕೊಳ್ಳಿ, ಹೊರಗಿನ ಹೊಲಿಗೆಯವರನ್ನು ಗೊತ್ತುಮಾಡಿಕೊಂಡು. ಲೇಬಲ್ ನಿಲ್ಲಿಸಿ ಪೂರ್ತಿ ಈ ಕಡೆ ಬರುವ ದಾರಿಯೂ ಇದೆ, ಸದ್ಯಕ್ಕೆ ಅದರ ಯೋಚನೆ ಬೇಡ. ಎರಡು ಕೆಲಸ ಮಾಡಿದ ಮೇಲೆ ತಾನಾಗಿ ತಿಳಿಯುತ್ತದೆ.

ಹೆಸರಿನ ವಿಷಯದಲ್ಲಿ ಇನ್ನೊಂದು ಮಾತು. ಕ್ರಿಸ್ಟಿಯಾನ್ ಲಾಕ್ರವಾ 1987ರಲ್ಲಿ ತಮ್ಮ ಫ್ಯಾಷನ್ ಸಂಸ್ಥೆ ತೆರೆದವರು, ಜೊತೆಜೊತೆಗೆ ಬ್ಯಾಲೆಗೆ, ನಾಟಕಕ್ಕೆ, ಆಪೆರಾಕ್ಕೆ ಉಡುಪು ಮಾಡುತ್ತಲೇ ಇದ್ದರು. 2009ರಲ್ಲಿ ಸಂಸ್ಥೆ ದಿವಾಳಿಯಾಯಿತು, ತಮ್ಮದೇ ಹೆಸರಿನ ಬ್ರ್ಯಾಂಡ್ ಅವರ ಕೈಯಲ್ಲಿ ಉಳಿಯಲಿಲ್ಲ. ಉಳಿದದ್ದು ರಂಗದ ಕೆಲಸ, ಅದನ್ನು ಮುಂದುವರಿಸಿದರು. ನಿಮ್ಮ ಗುರುಗಳು ಯಾವುದನ್ನು ಅಡ್ಡದಾರಿ ಎನ್ನುತ್ತಿದ್ದಾರೋ ಅದೇ ಒಬ್ಬರಿಗೆ ಆಸರೆಯಾದದ್ದೂ ಉಂಟು ಎಂದು ಅವರಿಗೆ ಹೇಳಿ ನೋಡಿ. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ, ನನಗೆ ಕಲಿಸಿದವರಂತೂ ಒಪ್ಪಲಿಲ್ಲ.

ಆ ನಾಟಕದ ಪ್ರದರ್ಶನಗಳು ಇನ್ನೂ ಬಾಕಿ ಇದ್ದರೆ ಹರಿದ ಮೇಲಂಗಿಯನ್ನು ವಾಪಸ್ ತರಿಸಿಕೊಳ್ಳಿ. ತೋಳು ಬಿಚ್ಚಿ, ಸುತ್ತನ್ನು ಒಂದೂವರೆ ಸೆಂಟಿಮೀಟರ್ ಮೇಲೇರಿಸಿ, ಕಂಕುಳಿಗೆ ಅಡ್ಡಓರೆಯ ತುಂಡು ಕೂಡಿಸಿ. ಮೇಲೇರಿಸಲು ಒಳಗೆ ಬಟ್ಟೆ ಉಳಿದಿರಲಿಕ್ಕಿಲ್ಲ, ಆಗ ತುಂಡನ್ನೇ ದೊಡ್ಡದಾಗಿ ಕತ್ತರಿಸಿದರಾಯಿತು. ಆಮೇಲೆ ನಾಯಕಿಯನ್ನು ಕರೆಸಿ ಮೇಲಂಗಿ ತೊಡಿಸಿ, ಆಕೆಯ ಅತಿ ಸಿಟ್ಟಿನ ದೃಶ್ಯವನ್ನು ನಿಮ್ಮ ಹೊಲಿಗೆ ಕೋಣೆಯಲ್ಲೇ ಪೂರ್ತಿ ಆಡಲು ಹೇಳಿ. ನೀವು ಎದುರಿಗಲ್ಲ, ಬೆನ್ನ ಹಿಂದೆ ನಿಂತು ನೋಡಿ.